ಮೊಗ್ಗು ಒಡೆಯುವ ಮೊದಲೇ ಬಂದವನು

ಏಪ್ರಿಲ್ ತಿಂಗಳ ಮೊದಲ ವಾರ, ಬೆಳಗಿನ ಕಾಫಿಗೆ ನೀರಿಟ್ಟ ಹೊತ್ತು. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಹುಡ್ ಬೆಟ್ಟದ ನೆತ್ತಿಗೆ ಮಾತ್ರ ಬಿಸಿಲು ತಾಗಿತ್ತು. ನಮ್ಮ ಪೇರ್ ಮರಗಳ ಮೊಗ್ಗುಗಳು ಮುಷ್ಟಿ ಬಿಗಿಹಿಡಿದ ಕೂಸಿನ ಹಾಗೆ ಮುಚ್ಚಿಕೊಂಡೇ ಇದ್ದವು. ಆಗ ಜೇನುಪೆಟ್ಟಿಗೆ ತುಂಬಿದ ಲಾರಿಯೊಂದು ಅಂಗಳಕ್ಕೆ ಬಂದು ನಿಂತಿತು.

ನನ್ನ ಸೋದರತ್ತೆ ಹಿಲ್ಮಾ ಕೈಯಲ್ಲಿದ್ದ ಸೌಟಿನ ಸಮೇತ ಹೊರಗೆ ಓಡಿದಳು.

"ನಿಮಗೆ ಫೋನ್ ಮಾಡಿದೋರು ಯಾರು?"

ನಮ್ಮ ಕಣಿವೆಯಲ್ಲಿ ಅದೊಂದು ಕಟ್ಟಳೆ. ಮೂರರಲ್ಲಿ ಒಂದು ಪಾಲು ಹೂವು ಅರಳಿದ ಮೇಲೆ ತೋಟದವರು ಫೋನ್ ಮಾಡಬೇಕು. ಫೋನ್ ಬಂದ ಮೇಲೆಯೇ ಜೇನಿನವರು ಕ್ಯಾಲಿಫೋರ್ನಿಯದಿಂದ ಹೊರಡಬೇಕು. ಪೇರ್ ಹೂವಿನಲ್ಲಿ ಮಕರಂದ ಕಡಿಮೆ, ಇರುವುದೂ ನೀರು ನೀರು. ಜೇನು ಮೊದಲೇ ಬಂದುಬಿಟ್ಟರೆ ಹುಲ್ಲಿನಲ್ಲಿ ಅರಳಿದ ಹಳದಿ ಡ್ಯಾಂಡಿಲಿಯನ್ ರುಚಿ ಹತ್ತಿ, ಆಮೇಲೆ ಪೇರ್ ಕಡೆ ತಲೆಯೆತ್ತಿಯೂ ನೋಡುವುದಿಲ್ಲ.

ಲಾರಿಯಿಂದ ಇಳಿದ ಜೇನಿನವನು ಮನುವೆಲ್ ತನ್ನ ತಮ್ಮನ ಕಡೆ ತಿರುಗಿದ. "ಫೋನ್ ಬಂತು ಅಂದ್ಯಲ್ಲೋ!"

ತಮ್ಮನ ಹೆಸರು ಡುವಾರ್ತೆ. ಅವನು ತನ್ನ ಬೂಟುಗಳನ್ನೇ ನೋಡುತ್ತಾ ನಿಂತಿದ್ದ. ಕಿವಿಗಳು ಕೆಂಪಗಾಗಿದ್ದವು. "ಈ ಸಲ ಚಳಿ ಬೇಗ ಮುಗೀತೇನೋ ಅಂತ ಅಂದ್ಕೊಂಡೆ..."

ಮನುವೆಲ್ ಹೆಪ್ಪುಗಟ್ಟಿದ ಹುಲ್ಲನ್ನು ಕರಕರ ತುಳಿದು ತೋರಿಸಿದ. "ಹೌದೌದು. ಸೆಕೆ ತಡೆಯಕ್ಕಾಗ್ತಿಲ್ಲ ನೋಡು."

ನಾನು ಬಾಗಿಲ ಹಿಂದೆ ನಿಂತು ನಗು ತಡೆದುಕೊಂಡೆ. ಹಿಂದಿನ ವರ್ಷವೂ ಅಣ್ಣನ ಜೊತೆ ಡುವಾರ್ತೆ ಬಂದಿದ್ದ. ನಾನು ಮಾಡಿದ ಏಲಕ್ಕಿ ಬ್ರೆಡ್ ತಿಂದು, ಹೊರಟಾಗ ಲಾರಿಯ ಕಿಟಕಿಯಿಂದ ಕತ್ತು ಹೊರಗೆ ಹಾಕಿ ತಿರುವಿನವರೆಗೂ ನೋಡುತ್ತಲೇ ಹೋಗಿದ್ದ. ನೋಡಿದ್ದು ನನ್ನನ್ನೋ ಬ್ರೆಡ್ಡನ್ನೋ ಎಂದು ಆಗ ತಿಳಿದಿರಲಿಲ್ಲ.

ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ತೊರೆಯ ಪಕ್ಕದ ಹಳೆಯ ಮರಗಳು ನನ್ನ ಅಪ್ಪ ನೆಟ್ಟವು. ಎರಡು ವರ್ಷದಿಂದ ಹೂವು ಬಿಡುತ್ತಿದ್ದವೇ ಹೊರತು ಕಾಯಿ ಕಚ್ಚುತ್ತಿರಲಿಲ್ಲ. ಈ ಸಲವೂ ಕಚ್ಚದಿದ್ದರೆ ಮರ ಕೀಳುವ ಟ್ರ್ಯಾಕ್ಟರ್ ಕರೆಸುವುದೆಂದು ಅತ್ತೆ ಹೇಳಿಯಾಗಿತ್ತು. ಮರಗಳ ಜೊತೆಗೆ ತೊರೆಯ ದಡದ ಪೊದೆಗಳೂ ಹೋಗಲಿದ್ದವು. ಆ ಪೊದೆಗಳು ನನ್ನವು. ವಿಲೋ, ಕೆಂಪು ಹೂವಿನ ಕಾಡು ಕರ್ರಂಟ್, ಒಣಗಿ ನಿಂತ ಸೀಡರ್ ಮರ, ಎಲ್ಲವನ್ನೂ ಕಡಿಯದೆ ಬಿಟ್ಟು ಬೆಳೆಸಿದ್ದೆ. ಅಲ್ಲಿ ಗೂಬೆ ಮರಿ ಮಾಡುತ್ತಿತ್ತು, ಹೂವಿನ ಮುಂದೆ ಗಾಳಿಯಲ್ಲೇ ನಿಂತು ಝೇಂಕರಿಸುವ ಪುಟ್ಟ ಹಕ್ಕಿಗಳು ಬರುತ್ತಿದ್ದವು, ಶರತ್ಕಾಲದಲ್ಲಿ ಉದುರಿದ ಹಣ್ಣಿಗೆ ಕರಡಿಯೂ ಬಂದು ಹೋಗುತ್ತಿತ್ತು. "ಮನುಷ್ಯರು ತೋಟ ಮಾಡ್ತಾರೆ, ನೀನು ಕಾಡು ಮಾಡ್ತೀಯ," ಎಂದು ಅತ್ತೆ ಬೈಯುತ್ತಿದ್ದಳು.

ಮುಚ್ಚಿದ ಪೆಟ್ಟಿಗೆಯಲ್ಲಿ ಜೇನು ಬಹಳ ಹೊತ್ತು ಬದುಕುವುದಿಲ್ಲ. ಇಳಿಸಲೇಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಹುಳಗಳೆಲ್ಲ ಹಳದಿ ಪುಡಿ ಮೆತ್ತಿಕೊಂಡು ಗೂಡಿಗೆ ಮರಳುತ್ತಿದ್ದವು. ಎಲ್ಲವೂ ಡ್ಯಾಂಡಿಲಿಯನ್ನಿನದು.

ನಾನು ನೇರವಾಗಿ ಡುವಾರ್ತೆಯ ಬಳಿಗೆ ಹೋದೆ. "ಕುಡುಗೋಲು ಹಿಡಿಯೋಕೆ ಬರುತ್ತಾ ನಿಮಗೆ?"

"ಬರಲ್ಲ."

"ನಾಳೆ ಬೆಳಗ್ಗೆಯಿಂದ ಬರುತ್ತೆ."

ಡ್ಯಾಂಡಿಲಿಯನ್ ಬಿಸಿಲೇರಿದ ಮೇಲೆ ಅರಳುವ ಹೂವು. ಅರಳುವ ಮೊದಲೇ ಕೊಯ್ದು ಹಾಕಬೇಕು. ಪ್ರತಿದಿನ ಬೆಳಗ್ಗೆ ನಾವಿಬ್ಬರೂ ಒಂದೊಂದು ಸಾಲು ಹಿಡಿದು ಕೊಯ್ಯುತ್ತಾ ಹೋದೆವು. ಅವನು ಹುಲ್ಲಿಗಿಂತ ಮಣ್ಣನ್ನೇ ಹೆಚ್ಚು ಕೆತ್ತಿದ.

"ಆಲೂಗಡ್ಡೆ ಅಗೀತಿದ್ದೀರಾ?" ಎಂದೆ.

"ನೀವು ಆ ಕಡೆ ನೋಡಿದ್ರೆ ಸರಿಯಾಗಿ ಕೊಯ್ತೀನಿ."

"ನಾನು ನೋಡಿದ್ರೆ ಏನಾಗುತ್ತೆ?"

ಕುಡುಗೋಲು ಕಲ್ಲಿಗೆ ತಾಗಿ ಠಣ್ ಎಂದಿತು. ಅವನ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಏರುವುದನ್ನು ನಾನು ಪೂರ್ತಿ ನೋಡಿದೆ. ಎದೆಯೊಳಗೆ ಏನೋ ರೆಕ್ಕೆ ಬಡಿಯಿತು. ಸಿಟ್ಟು ಮಾಡಿಕೊಳ್ಳಬೇಕಾದವಳು ಮರುದಿನ ಬೆಳಗಾಗುವುದನ್ನೇ ಕಾಯತೊಡಗಿದೆ.

ಕೊನೆಗೊಂದು ದಿನ ಪೇರ್ ಹೂವು ಅರಳಿತು. ಇಡೀ ಕಣಿವೆ ಹಾಲು ಉಕ್ಕಿದಂತೆ ಬೆಳ್ಳಗಾಯಿತು. ಅದೇ ದಿನ ಜಡಿಮಳೆಯೂ ಚಳಿಯೂ ಬಂದವು. ಚಳಿಗೆ ಜೇನು ಪೆಟ್ಟಿಗೆ ಬಿಟ್ಟು ಹೊರಗೆ ಬರುವುದಿಲ್ಲ. ಡುವಾರ್ತೆ ಒಂದೊಂದು ಪೆಟ್ಟಿಗೆಗೂ ಕಿವಿಯಿಟ್ಟು ಕೇಳುತ್ತಾ ಓಡಾಡಿದ. ಆಮೇಲೆ ನನ್ನ ಮುಂದೆ ಬಂದು ಟೋಪಿ ತೆಗೆದು ನಿಂತ.

"ಒಳಗೇ ಗುಂಪುಗೂಡಿ ಕೂತಿವೆ. ಹೊರಗೆ ಬಂದ್ರೂ ಈಗ ಅವಕ್ಕೆ ಡ್ಯಾಂಡಿಲಿಯನ್ನೇ ರುಚಿ. ನಿಮ್ಮ ಮರಗಳನ್ನ ನಾನೇ ಕೊಂದೆ."

"ಅಳೋಕೆ ಆಮೇಲೆ ಟೈಮ್ ಇದೆ. ಬನ್ನಿ ಇಲ್ಲಿ."

ಅವನ ತೋಳು ಹಿಡಿದು ತೊರೆಯ ಕಡೆಗೆ ಎಳೆದುಕೊಂಡು ಹೋದೆ. ಕರ್ರಂಟ್ ಪೊದೆಯಿಂದ ಹೆಬ್ಬೆರಳಿನ ತುದಿಯಷ್ಟು ದಪ್ಪದ ದುಂಬಿಯೊಂದು ಗುಂಯ್ ಎಂದು ಎದ್ದಿತು. ತುಂತುರು ಮಳೆಯಲ್ಲೇ ಹಾರಿ ಪೇರ್ ಹೂವಿನ ಮೇಲೆ ಕೂತಿತು. ಅದರ ಹಿಂದೆ ಇನ್ನೊಂದು. ಒಣಗಿದ ಸೀಡರ್ ಮರದ ತೂತುಗಳಿಂದ ಗುಂಪು ಕಟ್ಟದೆ ಒಂಟಿಯಾಗಿ ಬದುಕುವ, ನೀಲಿಗಪ್ಪು ಬಣ್ಣದ ಸಣ್ಣ ಜೇನುಗಳು ಹೊರಬಿದ್ದವು.

"ಮೈಯೆಲ್ಲ ಕೂದಲು. ಚಳಿ ತಾಗಲ್ಲ ಅವಕ್ಕೆ," ಎಂದೆ.

"ಇವು ಯಾರವು?"

"ನನ್ನವು. ಲಾರಿ ಬೇಡ, ಫೋನೂ ಬೇಡ."

ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಮಳೆನೀರು ಅವನ ರೆಪ್ಪೆಯ ಮೇಲಿತ್ತು. ನಾನು ಇನ್ನೂ ತೋಳು ಬಿಟ್ಟಿಲ್ಲವೆಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಆದರೂ ಬಿಡಲಿಲ್ಲ.

ಒಂದೇ ಜಾತಿಯ ಪೇರ್ ಮರಗಳು ತಮ್ಮೊಳಗೇ ಸರಿಯಾಗಿ ಕಾಯಿ ಕಚ್ಚುವುದಿಲ್ಲ. ಬೇರೆ ಜಾತಿಯ ಹೂವಿನ ಪರಾಗ ಬೇಕು. ತೊರೆಯ ಪಕ್ಕದಲ್ಲಿದ್ದ ಇನ್ನೊಂದು ಜಾತಿಯ ಮರ ಹಿಮದ ಭಾರಕ್ಕೆ ಮುರಿದುಬಿದ್ದು ಎರಡು ವರ್ಷವಾಗಿತ್ತು. ಹೊಸದಾಗಿ ನೆಟ್ಟದ್ದು ಇನ್ನೂ ಮೊಣಕಾಲೆತ್ತರ. ಆದ್ದರಿಂದ ಮನೆ ಹತ್ತಿರವಿದ್ದ ಬೇರೆ ಜಾತಿಯ ಮರದಿಂದ ಹೂವಿನ ಕೊಂಬೆಗಳನ್ನು ಕತ್ತರಿಸಿ, ನೀರು ತುಂಬಿದ ಬಕೆಟ್ಟುಗಳಲ್ಲಿಟ್ಟು, ತೊರೆಯ ಪಕ್ಕದ ಮರಗಳಿಗೆ ನೇತುಹಾಕತೊಡಗಿದೆವು. ಹಿಂದಿನ ವರ್ಷಗಳಲ್ಲಿ ನಾನು ಒಬ್ಬಳೇ, ಎಟಕುವ ಕೊಂಬೆಗಷ್ಟೇ ಕಟ್ಟಿದ್ದೆ. ಈಗ ಎರಡು ಏಣಿ ಹಾಕಿ ತುದಿಯವರೆಗೂ ಹತ್ತಿದೆವು. ಅತ್ತೆಯೂ ಗೊಣಗುತ್ತಲೇ ಕೆಳಗೆ ನಿಂತು ಏಣಿ ಹಿಡಿದಳು.

ಬಕೆಟ್ಟಿನ ಆಚೆ ಈಚೆ ನಮ್ಮ ಮುಖಗಳಿದ್ದವು. ನಡುವೆ ತೋಳ್ತುಂಬ ಹೂವು.

"ಐಲಿ," ಎಂದ. ಅಲ್ಲಿಯವರೆಗೆ ಅವನು ನನ್ನ ಹೆಸರು ಹಿಡಿದು ಕರೆದಿರಲಿಲ್ಲ. "ಚಳಿ ಮುಗೀತು ಅಂದ್ಕೊಂಡು ಬಂದಿದ್ದಲ್ಲ ನಾನು. ಕ್ಯಾಲಿಫೋರ್ನಿಯದ ಬಾದಾಮಿ ತೋಟಗಳಲ್ಲಿ ಹೂವು ಮುಗಿದಾಗಿಂದ ಫೋನಿನ ಪಕ್ಕದಲ್ಲೇ ಕೂತಿದ್ದೆ. ನಿಮ್ಮನೆ ಫೋನ್ ಬರ್ಲೇ ಇಲ್ಲ. ಕೊನೆಗೆ ಬಂತು ಅಂತ ಅಣ್ಣನಿಗೆ ಸುಳ್ಳು ಹೇಳಿ ಹೊರಡಿಸಿದೆ."

"ಯಾಕೆ?"

"ಹೂವು ಹತ್ತೇ ದಿನ ಇರುತ್ತೆ. ನಿನ್ನ ನೋಡೋಕೆ ನನಗೆ ಹತ್ತು ದಿನ ಸಾಲಲ್ಲ."

ಏಣಿ ಅಲುಗಿತೋ ನಾನೇ ಅಲುಗಿದೆನೋ, ಕೊಂಬೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ನನ್ನ ಮರಗಳನ್ನ ಪಣಕ್ಕಿಟ್ಟು ನನ್ನ ನೋಡೋಕೆ ಬಂದೆಯಾ?"

"ಬಂದುಬಿಟ್ಟೆ. ಅದಕ್ಕೇ ಈಗ ಏನೂ ಕೇಳಲ್ಲ. ಕಾಯಿ ಕಚ್ಚಿದ್ರೆ ಕೇಳ್ತೀನಿ. ಕಚ್ಚದಿದ್ರೆ ಕೇಳೋ ಮುಖ ನನಗಿಲ್ಲ."

"ಹಾಗಾದ್ರೆ ಎಲ್ಲ ದುಂಬಿಗಳ ಕೈಯಲ್ಲಿದೆ ಅನ್ನು."

"ಅವಕ್ಕೆ ನನ್ನ ಮೇಲೆ ಸಿಟ್ಟಿಲ್ಲ ತಾನೆ?"

"ನನಗಿರೋಷ್ಟು ಇರಲಿಕ್ಕಿಲ್ಲ," ಎಂದೆ. ಅಷ್ಟು ಸಿಹಿಯಾದ ಸಿಟ್ಟು ನನಗೆ ಅದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ.

ಕೆಳಗಿನಿಂದ ಅತ್ತೆ ಕೂಗಿದಳು. "ಮಾತಾಡೋದಾದ್ರೆ ಇಳಿದು ಬಂದು ಮಾತಾಡಿ. ನನ್ನ ಕೈ ನೋಯ್ತಿದೆ!"

ನಮ್ಮಲ್ಲಿ ಎಸಳು ಉದುರಿತು. ಕಣಿವೆಯ ಮೇಲ್ಭಾಗದ ತೋಟಗಳಲ್ಲಿ ಹೂವು ತಡವಾಗಿ ಅರಳುವುದರಿಂದ ಮನುವೆಲ್ ಪೆಟ್ಟಿಗೆಗಳನ್ನು ಅಲ್ಲಿಗೆ ಸಾಗಿಸಿದ. ಡುವಾರ್ತೆ ಕೆಲಸ ಮುಗಿಸಿ ಪ್ರತಿ ಸಂಜೆ ನಡೆದೇ ಇಳಿದು ಬರುತ್ತಿದ್ದ. ಬಂದು ಮರಗಳನ್ನು ಸುಮ್ಮನೆ ನೋಡಿ, ನನ್ನನ್ನು ಇನ್ನಷ್ಟು ಹೊತ್ತು ಸುಮ್ಮನೆ ನೋಡಿ, ಹೋಗುತ್ತಿದ್ದ. ಹೀಚುಗಳು ಮೆಣಸಿನ ಕಾಳಿನಷ್ಟಿದ್ದವು. ಯಾವುದು ನಿಲ್ಲುತ್ತದೆ, ಯಾವುದು ಉದುರುತ್ತದೆ ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ.

ಮೇ ತಿಂಗಳ ಒಂದು ಗುರುವಾರ ಬೆಳಗ್ಗೆ ಅತ್ತೆ ಕನ್ನಡಕ ಹಾಕಿಕೊಂಡು ಹೊರಟಳು. "ಇವತ್ತು ನೋಡೇಬಿಡೋಣ. ಟ್ರ್ಯಾಕ್ಟರಿನವನು ಕೇಳ್ತಿದ್ದಾನೆ."

ಅಂದು ಬೆಳಗ್ಗೆಯೇ ಇಳಿದು ಬಂದಿದ್ದ ಡುವಾರ್ತೆಯೂ ಸೇರಿ ಮೂವರೂ ಹೋದೆವು. ಆ ಹಳೆಯ ಮರಗಳಲ್ಲಿ ತೊರೆಗೆ ದೂರವಾಗಿ ರಸ್ತೆ ಬದಿಗಿದ್ದ ಮೊದಲ ಮರದ ಹೀಚಿಗೆ ಅತ್ತೆ ಬೆರಳು ತಾಗಿಸಿದಳು. ಉದುರಿತು. ಇನ್ನೊಂದು ಮುಟ್ಟಿದಳು. ಅದೂ ಉದುರಿತು. ತೊಟ್ಟು ಹಳದಿಯಾಗಿತ್ತು. ಡುವಾರ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

ನಾನು ತೊರೆಯ ಕಡೆಗೆ ಓಡಿದೆ. ಪೊದೆಗೆ ತಾಗಿ ನಿಂತ ಮರದ ಗೊಂಚಲು ಹಿಡಿದು ಅಲುಗಿಸಿದೆ. ಬೀಳಲಿಲ್ಲ. ಜೋರಾಗಿ ಅಲುಗಿಸಿದೆ. ಹಸಿರು ತೊಟ್ಟಿನ ಮೇಲೆ ಹೀಚು ನೆಟ್ಟಗೆ ಕೂತಿತ್ತು, ಸೊಂಟ ಉಬ್ಬತೊಡಗಿತ್ತು. ಪಕ್ಕದ ಮರ, ಅದರ ಪಕ್ಕದ್ದು, ಒಳಗಿನ ಸಾಲು, ಎಲ್ಲೆಲ್ಲೂ ಕಚ್ಚಿತ್ತು!

"ಅತ್ತೇ! ಬಾ, ಬೇಗ ಬಾ!"

ಅತ್ತೆ ಒಂದು ಹೀಚನ್ನು ಹಿಡಿದು ಎಳೆದಳು. ಕೊಂಬೆಯೇ ಬಾಗಿತು, ಹೀಚು ಬರಲಿಲ್ಲ. ಪೊದೆಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಟ್ರ್ಯಾಕ್ಟರಿನವನಿಗೆ ಬರಬೇಡ ಅಂತ ಹೇಳ್ತೀನಿ. ಆ ಕರಡಿಗೆ ಮಾತ್ರ ನನ್ನ ಕೋಳಿಗೂಡಿನ ತಂಟೆಗೆ ಬರಬಾರದು ಅಂತ ನೀನೇ ಹೇಳು." ಆಮೇಲೆ ಡುವಾರ್ತೆಯ ಕಡೆ ತಿರುಗಿದಳು. "ಏನೋ ಕೇಳೋದಿದೆ ಅಂತಿದ್ದೆ ಏಣಿ ಮೇಲೆ. ಕೇಳಪ್ಪ. ನಾನೇನೂ ಕಿವಿ ಮುಚ್ಕೊಳ್ಳಲ್ಲ."

ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಕೇಳಿದ. "ನಾನು ಇಲ್ಲೇ ಇರ್ಲಾ ಐಲಿ?"

"ಹಣ್ಣು ಕೊಯ್ಯೋವರೆಗಾ?"

"ಕೊಯ್ದು, ಮರ ಸವರಿ, ಮತ್ತೆ ಹೂವು ಬಿಡೋವರೆಗೆ."

"ಆಮೇಲೆ?"

"ಮತ್ತೆ ಕೊಯ್ಯೋವರೆಗೆ. ಆಮೇಲೆ ಮತ್ತೆ..."

"ಸಾಕು," ಎಂದೆ. "ಇರು."

ಅವನು ನನ್ನನ್ನು ಎತ್ತಿ ಗಿರ್ರನೆ ತಿರುಗಿಸಿದ. ಅತ್ತೆ ಕಿವಿ ಮುಚ್ಚಿಕೊಳ್ಳಲಿಲ್ಲ, ಕಣ್ಣೂ ಮುಚ್ಚಿಕೊಳ್ಳಲಿಲ್ಲ.

ಮರುದಿನ ಮನುವೆಲ್ ಪೆಟ್ಟಿಗೆಗಳನ್ನು ಲಾರಿಗೆ ತುಂಬಿಕೊಂಡು ಸಮುದ್ರ ತೀರದ ಕ್ರ್ಯಾನ್‌ಬೆರಿ ಹಣ್ಣಿನ ಗದ್ದೆಗಳಿಗೆ ಹೊರಟ. ತಮ್ಮನ ಬೆನ್ನಿಗೊಂದು ಗುದ್ದಿ, ಅಪ್ಪಿಕೊಂಡು, "ಫೋನ್ ಮಾಡ್ತಿರೋ ಸುಳ್ಳಾ," ಎಂದ. ತಿರುಗಿ ನೋಡಿದರೆ ಲಾರಿಯ ಪಕ್ಕದ ಸೀಟಿನಲ್ಲಿ ಹಿಲ್ಮಾ ಅತ್ತೆ ಚರ್ಚಿನ ಹ್ಯಾಟು ಹಾಕಿಕೊಂಡು ಕೂತಿದ್ದಳು.

"ದಾರೀಲಿ ಅಸ್ಟೋರಿಯದಲ್ಲಿ ನನ್ನ ಇಳಿಸು. ತಂಗಿ ಇದ್ದಾಳೆ ಅಲ್ಲಿ. ಮದುವೆ ಬಟ್ಟೆ ಹೊಲಿಯೋಕೆ ಅವಳೇ ಬರಬೇಕು."

"ಅಮ್ಮಾ, ಹಿಂದೆ ಪೂರ್ತಿ ಜೇನಿದೆ. ಕುಟುಕುತ್ತೆ," ಎಂದ ಮನುವೆಲ್.

"ನನಗಿಂತ ಜಾಸ್ತಿ ಕುಟುಕುತ್ತಾ? ನಡಿ." ಕಿಟಕಿಯಿಂದ ಡುವಾರ್ತೆಗೆ ಬೆರಳು ತೋರಿಸಿದಳು. "ನಾನು ಬರೋವರೆಗೆ ನಿನ್ನ ಹಾಸಿಗೆ ಹಿತ್ತಿಲ ಸೌನಾ ಬಚ್ಚಲುಮನೇಲಿ. ಗೊತ್ತಾಯ್ತಾ?"

ಮೇ ತಿಂಗಳ ಎರಡನೆಯ ಶುಕ್ರವಾರ ಮನುವೆಲ್ ಹೋದ, ಜೇನು ಹೋಯಿತು, ಹಿಲ್ಮಾ ಅತ್ತೆಯೂ ಹೋದಳು. ಡುವಾರ್ತೆ ಹೋಗಲಿಲ್ಲ.