ಚಿನ್ನದ ಕಂಪನಿಯ ಸಾಕ್ಷಿ

ಟ್ರಕ್ ಎರಡನೇ ಸಲ ಗುದ್ದಿತು!

ಕಾರಿನ ಹಿಂದಿನ ಗಾಜು ಪುಡಿಯಾಗಿ ನನ್ನ ಕುತ್ತಿಗೆಯ ಮೇಲೆ ಸುರಿಯಿತು. ಒಂದು ಕಡೆ ಬಂಡೆ. ಇನ್ನೊಂದು ಕಡೆ ಚೂ ನದಿ... ಬಹಳ ಕೆಳಗೆ.

“ಸಾಯಿಸ್ತೀಯಾ ಎಸೆನ್!” ಪಕ್ಕದಲ್ಲಿದ್ದ ಮೆದೆರ್ ಕಿರುಚಿದ.

“ನಾನಲ್ಲಪ್ಪ. ನಿನ್ನ ಹಳೇ ಧಣಿಗಳು!”

ಈ ಮೆದೆರ್ ಚಿನ್ನದ ಗಣಿ ಕಂಪನಿಯಲ್ಲಿ ರಾಜಕಾರಣಿಗಳನ್ನು ‘ನೋಡಿಕೊಳ್ಳುತ್ತಿದ್ದವನು’. ಗಣಿಯ ವಿಷ ಅವನ ತಂಗಿಯ ಹಳ್ಳಿಯ ತೊರೆಗೆ ಸೇರಿತು. ಕುರಿಗಳು ರಾಶಿ ರಾಶಿ ಸತ್ತವು. ತನಿಖೆಗೆ ಬಂದವರು ಚಹಾ ಕುಡಿದು ವಾಪಸಾದರು. ಅಂದೇ ಇವನು ಕೆಲಸ ಬಿಟ್ಟ.

ರಾಜಧಾನಿ ಬಿಶ್ಕೆಕ್‌ನಲ್ಲಿ ಬೂರುಲ್ ಅಕ್ಕ ಕಾಯುತ್ತಿದ್ದರು. ವಿರೋಧ ಪಕ್ಷದ ಸಂಸತ್ ಸದಸ್ಯೆ. ಕಂಪನಿಗಳು ಯಾವ ಪಕ್ಷಕ್ಕೂ ಹಣ ಕೊಡಬಾರದು ಎನ್ನುವ ಮಸೂದೆ ಅವರದು. ಮಧ್ಯಾಹ್ನ ಸಂಸತ್ ಸಮಿತಿಯ ಮುಂದೆ ಮೆದೆರ್ ಸಾಕ್ಷಿ ಹೇಳಬೇಕು. ಅವನನ್ನು ಜೀವಂತವಾಗಿ ತಲುಪಿಸುವುದು ನನ್ನ ಜವಾಬ್ದಾರಿ. ಪೊಲೀಸ್ ಕೆಲಸ ಬಿಟ್ಟವನಿಗೆ ಇಂಥವೇ ಸಿಗುವುದು!

ತಿರುವಿನಲ್ಲಿ ರಸ್ತೆ ತುಂಬ ಕುರಿಮಂದೆ. ಬ್ರೇಕ್ ಒತ್ತಿದೆ. ಮೆಲ್ಲಗೆ ಕಾರು ನುಗ್ಗಿಸಿದೆ. ಕುರಿಗಳು ಸರಿದವು... ನಮ್ಮ ಹಿಂದೆ ಮತ್ತೆ ಕೂಡಿಕೊಂಡವು. ಕುದುರೆಯ ಮೇಲಿದ್ದ ಕುರುಬ ಚಾವಟಿ ಎತ್ತಿ ಟ್ರಕ್ಕಿಗೆ ಅಡ್ಡ ನಿಂತ.

ನಮ್ಮಲ್ಲಿ ಮನುಷ್ಯನನ್ನು ಗುದ್ದಿ ಪಾರಾಗಬಹುದು. ಕುರಿಯನ್ನು ಗುದ್ದಿ ಪಾರಾಗಲಾರಿರಿ!

ಸಮಿತಿಯಲ್ಲಿ ಬೂರುಲ್ ಅಕ್ಕನೇ ಪ್ರಶ್ನೆ ಶುರು ಮಾಡಿದರು.

“ಕಂಪನಿ ಆಡಳಿತ ಪಕ್ಷಕ್ಕೆ ದುಡ್ಡು ಕೊಟ್ಟಿದ್ದು ನಿಜಾನಾ?”

“ನಿಜ.”

ವಿರೋಧ ಪಕ್ಷದವರು ಮೇಜು ಕುಟ್ಟಿದರು.

“ಬೇರೆ ಯಾರಿಗೂ ಕೊಡ್ಲಿಲ್ವಾ?”

ಮೆದೆರ್ ತಲೆ ತಗ್ಗಿಸಿದ. “ನಿಮ್ಮ ಪಕ್ಷಕ್ಕೂ ಕೊಟ್ರು ಅಕ್ಕಾ... ನಾನೇ ತಲುಪಿಸಿದೆ. ಸಪರ್‌ಬೆಕ್ ಅವರ ಕೈಗೆ.”

ಮೇಜು ಕುಟ್ಟುತ್ತಿದ್ದ ಕೈಗಳು ಅಲ್ಲೇ ನಿಂತವು. ಸಪರ್‌ಬೆಕ್ ಅಂದರೆ ಅಕ್ಕನದೇ ಪಕ್ಷದ ನಾಯಕ. ಅಕ್ಕನ ಪಕ್ಕದಲ್ಲೇ ಕೂತಿದ್ದ!

“ಉಂಡ ಮನೆಗೆ ಎರಡು ಬಗೆಯೋ ನಾಯಿ!” ಎಂದು ಅವನು ಎದ್ದ. ಆಮೇಲೆ ಅಕ್ಕನ ಕಡೆ ತಿರುಗಿದ. “ಪಕ್ಷ ಏನು ಗಾಳಿ ಕುಡ್ಕೊಂಡು ಬದುಕುತ್ತಾ ಬೂರುಲ್? ಬಸ್ಸು, ಸಭೆ, ಹುಡುಗರ ಊಟ... ಕುರುಬರು ಕೊಡ್ತಾರಾ? ಕಂಪನಿ ಬೇಡ ಅಂದ್ರೆ ಕಳ್ಳಸಾಗಣೆಯವರು ಬರ್ತಾರೆ. ಅದು ವಾಸಿನಾ?”

“ಉಂಡ ಮನೆ ಅಂದ್ರಲ್ಲ... ಕಂಪನಿ ಮನೇಲಿ ಉಂಡು ನೀವು ಎರಡು ಬಗೆದಿದ್ದು ಯಾರಿಗೆ? ವೋಟು ಹಾಕಿದವರಿಗೆ ತಾನೆ!” ಎಂದರು ಅಕ್ಕ.

“ಮಸೂದೆ ಮತಕ್ಕೆ ಹಾಕಿ!” ಎಂದು ಅವನು ಕೂಗಿದ.

ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದ ಎರಡೂ ಪಕ್ಷದವರು ಒಟ್ಟಿಗೆ ಕೈ ಎತ್ತಿದರು. ಮಸೂದೆ ಬಿತ್ತು. ಅಕ್ಕ ಹೊರಗೆ ಬರುವಷ್ಟರಲ್ಲಿ ಅವರನ್ನು ಪಕ್ಷದಿಂದಲೂ ಕಿತ್ತುಹಾಕಿದ್ದರು.

ನನಗೆ ಗೋಡೆಗೆ ಗುದ್ದುವಷ್ಟು ಸಿಟ್ಟು. ಕುತ್ತಿಗೆಯಲ್ಲಿ ಇನ್ನೂ ಗಾಜು ಚುಚ್ಚುತ್ತಿತ್ತು... ಇದಕ್ಕಾ?

“ನಾನು ಬಾಯಿ ಮುಚ್ಕೊಂಡಿದ್ರೆ ಚೆನ್ನಾಗಿತ್ತು ಅಕ್ಕಾ,” ಎಂದ ಮೆದೆರ್.

“ಸುಮ್ನಿರೋ. ಕೇಳಿದ್ದು ನಾನು.”

ಪತ್ರಕರ್ತರು ಮುತ್ತಿಕೊಂಡರು. ಅಕ್ಕ ಸೆಟೆದು ನಿಂತರು. “ಹೊಸ ಪಕ್ಷ ಕಟ್ತೀನಿ! ಜನರ ದುಡ್ಡಲ್ಲಿ!”

ಅವರೆಲ್ಲ ಚದುರಿದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತರು. ಅಷ್ಟರಲ್ಲೇ ಅವರ ಫೋನ್ ಬಡಿದುಕೊಂಡಿತು. ನನಗೆ ಕೊಟ್ಟರು. ಕೇಳಿಸಿಕೊಂಡೆ.

“ಯಾರೋ ಅದು?”

“ಚಿನ್ನದ ಕಂಪನಿಯವರು. ಹೊಸ ಪಕ್ಷದ ಮೊದಲ ಸಭೆ ಖರ್ಚು ಅವರದೇ ಅಂತೆ!”