ಹತ್ತು ಸಲ ಹೇಳಿಸಿದ ಉತ್ತರ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು ಸಂದಿಯಲ್ಲಿರುವ ಆ ಜೆರಾಕ್ಸ್ ಅಂಗಡಿಗೆ ಬಂದವರೆಲ್ಲ ಅವನನ್ನು ಗಣೇಶಣ್ಣ ಎಂದೇ ಕರೆಯುತ್ತಿದ್ದರು. ಸ್ಕಾಲರ್‌ಶಿಪ್ ಅರ್ಜಿ ಹಾಕಿಸುವ ಪಿಯುಸಿ ಹುಡುಗಿಯರಿಂದ ಹಿಡಿದು ಪಿಂಚಣಿ ಕೇಳಲು ಬರುವ ಅಜ್ಜಿಯರವರೆಗೆ ಎಲ್ಲರಿಗೂ ಅವನು ಅಣ್ಣನೇ. ಶಶಿರೇಖಾ ಒಬ್ಬಳು ಮಾತ್ರ ಹಾಗೆ ಕರೆಯಲಿಲ್ಲ.

ಮೊದಲ ದಿನವೇ ಕರೆಯಲಿಲ್ಲ. ಅದು ಯಾಕೆಂದು ಗಣೇಶನ ತಲೆಗೆ ಹೊಳೆಯಲು ಮೂರು ವಾರ ಬೇಕಾಯಿತು. ಹೊಳೆದ ಮೇಲಾದರೂ ಬಾಯಿ ಬಿಟ್ಟನೇ ಎಂದರೆ, ಅದೂ ಇಲ್ಲ. ಊರಿನವರಿಗೆಲ್ಲ ಧೈರ್ಯವಾಗಿ ಮಾತಾಡುವುದು ಹೇಗೆಂದು ಹೇಳಿಕೊಡುತ್ತಿದ್ದ ಮನುಷ್ಯ ಅವನು. ನಗಬೇಕೋ ಅಳಬೇಕೋ ನೀವೇ ಹೇಳಿ.

ಅವಳು ಭೀಮನಬೀಡಿನವಳು. ಆಷಾಢದ ಒಂದು ಬೆಳಿಗ್ಗೆ ಡಿಗ್ರಿ ಮಾರ್ಕ್ಸ್ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಎದೆಗೊತ್ತಿಕೊಂಡು ಬಂದಳು. ಚೆಂಡುಹೂವಿನಿಂದ ಬಣ್ಣ ತೆಗೆಯುವ ಕಂಪನಿಯೊಂದಕ್ಕೆ ಫೀಲ್ಡ್ ಆಫೀಸರುಗಳು ಬೇಕಾಗಿದ್ದರು. ರೈತರ ಹೊಲಕ್ಕೆ ಹೋಗಿ, ಬೆಳೆ ನೋಡಿ, ಸಲಹೆ ಕೊಡುವ ಕೆಲಸ.

"ಎಕ್ಸ್‌ಪೀರಿಯನ್ಸ್?" ಗಣೇಶ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದ.

"ಏನೂ ಇಲ್ಲ."

"ಚೆಂಡುಹೂ ಕಿತ್ತಿಲ್ವಾ?"

"ಅಯ್ಯೋ, ಬುದ್ಧಿ ಬಂದಾಗ್ಲಿಂದ್ಲೂ ಕಿತ್ತಿವ್ನಿ. ನಾಟಿ ಮಾಡಿವ್ನಿ, ಕಳೆ ತೆಗ್ದಿವ್ನಿ. ಮಲಯಾಳಿಗಳು ಕಾರ್ ನಿಲ್ಸಿ ಹೊಲ್ದೊಳಗೆ ಫೋಟೋ ತೆಗುಸ್ಕೋತಾರಲ್ಲ, ಅವ್ರು ಗಿಡ ತುಳೀದಂಗೆ ಕಾವಲೂ ಕಾದಿವ್ನಿ."

"ಹಂಗಾದ್ರೆ ಹದಿನೈದು ವರ್ಷದ ಎಕ್ಸ್‌ಪೀರಿಯನ್ಸ್," ಎಂದು ಅವನು ಟೈಪ್ ಮಾಡಿಯೇಬಿಟ್ಟ.

ಅವಳು ನಕ್ಕಳು. ಗಣೇಶ ಆಗ ಕಣ್ಣೆತ್ತಿ ನೋಡಿದ. ನೋಡಬಾರದಿತ್ತು. ನಗುವಾಗ ಅವಳು ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು, ಆ ಬೆರಳುಗಳ ತುದಿಯೆಲ್ಲ ಹೂವಿನ ಹಳದಿ. ಅವನು ಅವಳ ಅರ್ಜಿಯಲ್ಲಿ ತಂದೆಯ ಹೆಸರು ರಂಗನಾಯಕ ಎಂದು ತುಂಬುವ ಕಡೆ ಎರಡು ಸಲ ತಪ್ಪು ಮಾಡಿ ಅಳಿಸಿದ.

ವಾರದೊಳಗೆ ಕರೆ ಬಂತು. ಹದಿನೇಳನೇ ತಾರೀಕು, ಚಾಮರಾಜನಗರದಲ್ಲಿ ಇಂಟರ್‌ವ್ಯೂ. ಇನ್ನು ಮೂರು ವಾರವಿತ್ತು.

"ನಾಕು ಜನ ಕೂತಿದ್ರೆ ನಂಗೆ ನಾಲಿಗೆನೇ ಏಳಲ್ಲ," ಎಂದಳು ಶಶಿರೇಖಾ. "ನೀವು ಹೇಳ್ಕೊಡ್ತೀರಂತೆ?"

"ಹೇಳ್ಕೊಡ್ತೀನಿ. ಆದ್ರೆ ಒಂದ್ ಮಾತು ಗೊತ್ತಿರ್ಲಿ. ನಾನು ಹನ್ನೊಂದು ಇಂಟರ್‌ವ್ಯೂ ಕೊಟ್ಟು ಹನ್ನೊಂದ್ರಲ್ಲೂ ಬಿದ್ದೋನು."

"ಹಂಗಾದ್ರೆ ಎಲ್ಲಾ ಪ್ರಶ್ನೆನೂ ಗೊತ್ತಿರ್ತವೆ ಬುಡಿ."

ಹನ್ನೊಂದು ಸೋಲನ್ನು ಅಷ್ಟು ಹಗುರವಾಗಿ ಎತ್ತಿ ಪಕ್ಕಕ್ಕಿಟ್ಟವರು ಅವನ ಬದುಕಿನಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ಮಧ್ಯಾಹ್ನ ಎರಡರಿಂದ ಮೂರರವರೆಗೆ ಅಂಗಡಿಯಲ್ಲಿ ಜನ ಕಡಿಮೆ. ಆ ಒಂದು ಗಂಟೆ ಪಾಠ. ಟೇಬಲಿನ ಆ ಕಡೆ ಗಣೇಶ, ಈ ಕಡೆ ಪ್ಲಾಸ್ಟಿಕ್ ಕುರ್ಚಿ, ನಡುವೆ ಲ್ಯಾಮಿನೇಷನ್ ಮೆಷಿನ್ನು. ಅವಳು ಹೊರಗೆ ಹೋಗಿ ಸಂದಿಯಿಂದ ಒಳಗೆ ಬಂದು "ಮೇ ಐ ಕಮ್ ಇನ್ ಸರ್" ಎನ್ನಬೇಕು. ಮೊದಲ ದಿನ ಆ ಮಾತು ಅವಳಿಗೇ ಕೇಳಿಸಲಿಲ್ಲ. ನಾಲ್ಕನೇ ದಿನ ಪಕ್ಕದ ಟೀ ಅಂಗಡಿಯ ಶಿವಮಲ್ಲಪ್ಪನಿಗೂ ಕೇಳಿಸಿತು.

"ಏನ್ಲಾ ಗಣೇಶ, ನಿನ್ ಅಂಗ್ಡಿಗೆ ಬರಕೂ ಪರ್ಮಿಸನ್ ಬೇಕೇನ್ಲಾ?" ಎಂದು ಅವನು ಅಲ್ಲಿಂದಲೇ ಕೂಗಿದ. "ನಾನೂ ಕಮಿನ್ ಅಂದ್ಬುಟ್ಟೇ ಟೀ ತರ್ಬೇಕಾ?"

ಶಶಿರೇಖಾ ತುಟಿ ಕಚ್ಚಿ ನಗು ತಡೆದಳು. ಗಣೇಶ ಆಫೀಸರನ ಮುಖ ಹಾಕಿಕೊಂಡು, "ಕ್ಯಾಂಡಿಡೇಟ್ ನಗಬಾರದು," ಎಂದ. ಹಾಗೆನ್ನುವಾಗ ಅವನ ಮುಖದಲ್ಲೇ ನಗುವಿತ್ತು.

ಅವಳಿಗೆ ಕೈಯದೇ ಚಿಂತೆ. ಹಳದಿ ಬೆರಳುಗಳನ್ನು ದುಪಟ್ಟಾದೊಳಗೆ ಮುಚ್ಚಿಡುತ್ತಿದ್ದಳು.

"ಕೈ ಮೇಲಿಡಿ," ಎಂದ.

"ಹುಣಸೆಹಣ್ಣು ಹಾಕಿ ಉಜ್ಜಿದ್ರೂ ಹೋಗಲ್ಲ ಇದು. ಅಸಹ್ಯ."

"ಅಸಹ್ಯ ಅಂದೋರ್ಯಾರು? ಅಲ್ಲಿ ಬರೋ ಐವತ್ತು ಜನದ ಫೈಲಲ್ಲಿ ಸರ್ಟಿಫಿಕೇಟ್ ಇರ್ತದೆ. ನಿಮ್ಗೆ ಕೈಯಲ್ಲೇ ಅದೆ. ಟೇಬಲ್ ಮೇಲಿಡಿ, ಅವ್ರು ನೋಡ್ಲಿ."

ಅವಳು ಕೈಗಳನ್ನು ಟೇಬಲಿನ ಮೇಲಿಟ್ಟಳು. ಇಬ್ಬರೂ ಸುಮ್ಮನೆ ಆ ಕೈಗಳನ್ನು ನೋಡಿದರು. ಆಮೇಲೆ ಇಬ್ಬರಿಗೂ ಎಲ್ಲಿ ನೋಡಬೇಕೆಂದು ತಿಳಿಯದೆ, ಗಣೇಶ ಎದ್ದು ಫ್ಯಾನಿನ ಸ್ಪೀಡ್ ಹೆಚ್ಚು ಮಾಡಿದ.

ಅವನ ಹತ್ತಿರ ಆರು ಪ್ರಶ್ನೆಗಳ ಒಂದು ಚೀಟಿ ಇತ್ತು. ಐದು ಎಲ್ಲರಿಗೂ. ಆರನೆಯದು ಹೆಣ್ಣುಮಕ್ಕಳಿಗೆ ಮಾತ್ರ: ಮದುವೆ ಯಾವಾಗ, ಮನಸ್ಸಿನಲ್ಲಿ ಯಾರಾದರೂ ಇದ್ದಾರಾ? ಕೇಳಬಾರದ ಪ್ರಶ್ನೆ, ಆದರೆ ಕೇಳಿಯೇ ಕೇಳುತ್ತಾರೆ. ಹಿಂದಿನ ವರ್ಷ ಕುದೇರಿನ ಶ್ರುತಿ ಎಂಬ ಹುಡುಗಿ ಸೋದರಮಾವನ ಮಗನನ್ನು ಗೊತ್ತು ಮಾಡಿದ್ದಾರೆ ಎಂದು ನಿಜ ಹೇಳಿ, ಕೈಗೆ ಬಂದ ಕೆಲಸ ಕಳೆದುಕೊಂಡು ಇದೇ ಕುರ್ಚಿಯಲ್ಲಿ ಕೂತು ಅತ್ತಿದ್ದಳು. ಅಂದಿನಿಂದ ಗಣೇಶನದು ಒಂದೇ ನಿಯಮ. ಇದ್ದರೂ ಇಲ್ಲ ಅನ್ನಬೇಕು.

ಪಾಠದ ಹದಿನೈದನೇ ದಿನ ಅವನು ಆರನೇ ಪ್ರಶ್ನೆಗೆ ಬಂದ.

"ಮದುವೆ ಯೋಚನೆ ಏನಾದ್ರೂ ಇದ್ಯಾ ಮಿಸ್ ಶಶಿರೇಖಾ? ಮನಸ್ಸಲ್ಲಿ ಯಾರಾದ್ರೂ ಇದ್ದಾರಾ?"

ಅವಳ ಬೆನ್ನು ನೇರವಾಗಿತ್ತು, ಕೈ ಟೇಬಲಿನ ಮೇಲಿತ್ತು, ಕಣ್ಣು ಅವನ ಕಣ್ಣಲ್ಲಿತ್ತು. ಎಲ್ಲವೂ ಅವನು ಕಲಿಸಿದ ಹಾಗೆಯೇ.

"ಇದ್ದಾರೆ ಸರ್," ಎಂದಳು.

ಗಣೇಶನ ಕೈಯ ಪೆನ್ನು ನಿಂತಿತು. "ಯಾರು?" ಎಂದು ಕೇಳಿದ. ಅದು ಚೀಟಿಯಲ್ಲಿ ಇರಲಿಲ್ಲ.

"ಬೇಗೂರಿನೋರು. ದಿನಾ ಬಸ್ಸಲ್ಲಿ ಗುಂಡ್ಲುಪೇಟೆಗೆ ಬತ್ತಾರೆ. ಅವ್ರಿಗಿನ್ನೂ ಗೊತ್ತಿಲ್ಲ."

ಬೇಗೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವನು ಗಣೇಶನೇ. ಅವನಿಗೆ ಎಲ್ಲ ತಿಳಿಯಿತು. ಅಣ್ಣ ಎಂದು ಯಾಕೆ ಕರೆಯಲಿಲ್ಲ ಎಂಬುದೂ ಆ ಗಳಿಗೆಯಲ್ಲೇ ತಿಳಿಯಿತು. ಎದೆಯೊಳಗೆ ಎಷ್ಟು ಸಂತೋಷ ನುಗ್ಗಿತೆಂದರೆ ಅವನಿಗೆ ಹೆದರಿಕೆಯಾಯಿತು. ಈಗ ಹೂಂ ಅಂದರೆ ಇವಳು ಹದಿನೇಳನೇ ತಾರೀಕು ಅಲ್ಲಿಯೂ ಹೀಗೇ ಹೇಳಿಬಿಡುತ್ತಾಳೆ. ಕೆಲಸ ಹೋಗುತ್ತದೆ. ಅದೂ ಯಾರಿಗಾಗಿ? ಹನ್ನೊಂದು ಸಲ ಬಿದ್ದವನಿಗಾಗಿ. ಇಂಟರ್‌ವ್ಯೂ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ.

ಅವನು ಚೀಟಿಯ ಮೇಲೆ ಗೀಟು ಹಾಕಿದ. "ತಪ್ಪು ಉತ್ತರ," ಎಂದ. ಅವನ ದನಿ ಆಫೀಸರನದೇ ಆಗಿತ್ತು. "ಈ ಉತ್ತರಕ್ಕೆ ಮಾರ್ಕ್ಸ್ ಹೋಗ್ತದೆ. 'ಯಾರೂ ಇಲ್ಲ ಸರ್. ಎಲ್ಲಿಗೆ ಹಾಕಿದ್ರೂ ಹೋಗ್ತೀನಿ.' ಹೇಳಿ."

ಅವಳ ಮುಖದ ಬಣ್ಣ ಇಳಿಯಿತು. "ತಪ್ಪಾ?"

"ತಪ್ಪು. ಹತ್ತು ಸಲ ಹೇಳಿ. ತಡವರಿಸ್ಬಾರ್ದು."

ಅವಳು ಹೇಳಿದಳು. ಮೂರನೇ ಸಲ ತಡವರಿಸಿದಳು. ಆರನೇ ಸಲ ಕಣ್ಣು ಕೆಳಗಾಯಿತು. "ಕಣ್ಣು ನೋಡಿ ಹೇಳಿ," ಎಂದು ಆ ಪುಣ್ಯಾತ್ಮ ತಿದ್ದಿದ. ಹತ್ತನೇ ಸಲ ಅವಳು ಅವನ ಕಣ್ಣನ್ನೇ ನೋಡಿಕೊಂಡು, ಒಂದಿಷ್ಟೂ ಅಳುಕದೆ ಹೇಳಿದಳು.

"ಗುಡ್," ಎಂದ ಗಣೇಶ. ಆ ಒಂದು ಪದವನ್ನು ನೆನೆದು ಅವನು ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡನೋ ಲೆಕ್ಕವಿಲ್ಲ.

ಹದಿನೇಳನೇ ತಾರೀಕು ಅಂಗಡಿಗೆ ಬಾಗಿಲು ಹಾಕಿ ಅವನೂ ಚಾಮರಾಜನಗರಕ್ಕೆ ಹೋದ. ಅವಳು ಒಳಗೆ ಹೋದಾಗ ಅವಳ ಚಪ್ಪಲಿಯ ಸದ್ದು ನಿಲ್ಲುವವರೆಗೆ ಕಿವಿಗೊಟ್ಟು, ಹೊರಗೆ ಹೊಂಗೆ ಮರದ ಕೆಳಗೆ ಅವಳ ಊಟದ ಡಬ್ಬಿ, ನೀರಿನ ಬಾಟಲು ಹಿಡಿದುಕೊಂಡು ನಿಂತ. ತನ್ನ ಹನ್ನೊಂದು ಇಂಟರ್‌ವ್ಯೂಗಳಲ್ಲಿ ಒಂದಕ್ಕೂ ಅವನು ಅಷ್ಟು ಸಲ ಗಡಿಯಾರ ನೋಡಿಕೊಂಡಿರಲಿಲ್ಲ.

ಹೊರಗೆ ಬಂದಾಗ ಅವಳ ಮುಖವೇ ಎಲ್ಲ ಹೇಳುತ್ತಿತ್ತು.

"ಕೈ ನೋಡಿದ್ರು! ಇದೇನಮ್ಮ ಅಂದ್ರು. ಇದು ಹದಿನೈದು ವರ್ಷದ ಎಕ್ಸ್‌ಪೀರಿಯನ್ಸ್ ಸರ್ ಅಂದೆ. ಮೂರು ಜನಾನೂ ನಕ್ಬುಟ್ರು. ಆಮೇಲೆ ಎಲೆ ಸುರುಟೋ ರೋಗದ್ದು ಕೇಳಿದ್ರು, ಒಂದೂ ಬಿಡ್ದೆ ಹೇಳ್ದೆ." ಅವನ ಕೈಯಿಂದ ನೀರಿನ ಬಾಟಲು ತೆಗೆದುಕೊಂಡಳು. "ಆರನೇದೂ ಕೇಳಿದ್ರು."

"ಏನಂದ್ರಿ?"

"ನೀವು ಕಲಿಸ್ದಂಗೇ. ಒಂಚೂರೂ ತಡವರಿಸ್ನಿಲ್ಲ."

ವಾಪಸ್ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು, ಅವನು ಅವಳ ಪಕ್ಕ ಕೂತ. ತೆರಕಣಾಂಬಿ ಹತ್ತಿರ ಬರುತ್ತಿತ್ತು. ಗಾಳಿಗೆ ಹಾರುವ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ ಅವಳು ಮೆಲ್ಲಗೆ ಕೇಳಿದಳು.

"ಇಂಟರ್‌ವ್ಯೂ ಮುಗೀತಲ್ಲ?"

"ಮುಗೀತು."

"ಇನ್ನು ಮಾರ್ಕ್ಸ್ ಹೋಗೋ ಭಯ ಇಲ್ಲ ಅಲ್ವಾ?"

"ಇಲ್ಲ."

"ಹಂಗಾದ್ರೆ ಆರನೇ ಪ್ರಶ್ನೆ ಇನ್ನೊಂದ್ಸಲ ಕೇಳಿ."

ಬಾಗಿಲು ತೆರೆದು, ದೀಪ ಹಚ್ಚಿ, ಒಳಗೆ ಬಾ ಎಂದು ಕರೆದ ಹಾಗಿತ್ತು. ಗಣೇಶ ಲೆಕ್ಕ ಹಾಕತೊಡಗಿದ. ಇವಳಿಗೆ ಕೆಲಸ ಆಗುವುದು ಖಂಡಿತ. ಆಫೀಸರಮ್ಮ ಆಗುವವಳು. ನಾನು ಈಗ ಬಾಯಿ ಬಿಟ್ಟರೆ ನನಗೋಸ್ಕರ ಇಲ್ಲೇ ಉಳಿದುಬಿಟ್ಟಾಳು. ಬೇಡ ಎಂದುಕೊಂಡ. ಅದಕ್ಕೆ ತ್ಯಾಗ ಎಂಬ ದೊಡ್ಡ ಹೆಸರಿಟ್ಟುಕೊಂಡ. ಅದು ಹೆದರಿಕೆ. ಹನ್ನೆರಡನೇ ಸಲವೂ ಎಲ್ಲಿ ಫೇಲಾಗುತ್ತೇನೋ ಎಂಬ ಹೆದರಿಕೆ. ಅವಳು ಅವನನ್ನು ಆಗಲೇ ಪಾಸು ಮಾಡಿ ಆಗಿತ್ತೆಂಬುದು ಆ ಪೆದ್ದನಿಗೆ ಅರ್ಥವಾಗಲಿಲ್ಲ.

"ತಡೀರಿ, ರಿಸಲ್ಟ್ ಬರ್ಲಿ," ಎಂದ. "ಸೆಕೆಂಡ್ ರೌಂಡಿಗೆ ಕರೆದ್ರೂ ಕರೀಬೋದು."

ಅವಳು ಅವನನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು. ಗುಂಡ್ಲುಪೇಟೆ ಬರುವವರೆಗೆ ತಿರುಗಿಯೇ ಇದ್ದಳು.

ಆರ್ಡರ್ ಬಂದದ್ದು ಗಣೇಶನ ಕಂಪ್ಯೂಟರಿಗೇ, ಅರ್ಜಿಯಲ್ಲಿ ಅವನದೇ ಇಮೇಲ್ ಕೊಟ್ಟಿದ್ದರಿಂದ. ರಾಣೆಬೆನ್ನೂರಿಗೆ ಪೋಸ್ಟಿಂಗ್. ಎಂಟು ದಿನದಲ್ಲಿ ಸೇರಬೇಕು. ಅವನೇ ಪ್ರಿಂಟ್ ತೆಗೆದು, ಅವನೇ ಲ್ಯಾಮಿನೇಷನ್ ಮಾಡಿದ. ತಾಯಿ ಸೋಮಮ್ಮನ ಜೊತೆ ಬಂದಿದ್ದಳು ಶಶಿರೇಖಾ.

"ನಿನ್ ಒಟ್ಟೆ ತಣ್ಣಗಿರ್ಲಿ ಕಣಪ್ಪ," ಎಂದು ಸೋಮಮ್ಮ ಅವನ ಕೈ ಹಿಡಿದುಕೊಂಡಳು. "ಒಡುಟ್ಟಿದ ಅಣ್ಣನಂಗೆ ಯೇಳ್ಕೊಟ್ಟೆ ನನ್ ಮಗ್ಳಿಗೆ."

ಶಶಿರೇಖಾ ಇನ್ನೂ ಬಿಸಿ ಇದ್ದ ಕಾಗದವನ್ನು ತೆಗೆದುಕೊಂಡು ಹೋದಳು.

ಆ ಎಂಟು ದಿನ ಗಣೇಶ ಹೇಳಲೋ ಬೇಡವೋ ಎಂದೇ ಕಳೆದ. ಕೊನೆಯ ದಿನ ಬೆಳಿಗ್ಗೆ ಅಂಗಡಿಯನ್ನು ಹಾಗೇ ತೆರೆದು ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದ. ಮೈಸೂರು ಬಸ್ಸು ನಿಂತಿತ್ತು. ಜೊತೆಗೆ ಹೊರಟಿದ್ದ ಅವಳ ತಂದೆ ರಂಗನಾಯಕ ಬ್ಯಾಗು ಏರಿಸಿ ಒಳಗೆ ಸೀಟು ಹಿಡಿದಿದ್ದ. ಶಶಿರೇಖಾ ಬಸ್ಸಿನ ಬಾಗಿಲ ಬಳಿ ಒಬ್ಬಳೇ ನಿಂತಿದ್ದಳು, ಹೊಸ ಚೂಡಿದಾರ, ಹೆಗಲಿಗೆ ಫೈಲಿನ ಚೀಲ.

ಓಡಿ ಬಂದ ಏದುಸಿರಿನಲ್ಲೇ ಅವನು ಕೇಳಿದ. "ಆರನೇ ಪ್ರಶ್ನೆ ಕೇಳ್ಬೇಕಿತ್ತು. ಮನಸ್ಸಲ್ಲಿ ಯಾರಾದ್ರೂ ಇದ್ದಾರಾ ಶಶಿ?"

ಮೊದಲ ಸಲ ಅವನು ಶಶಿ ಎಂದದ್ದು. ಅವಳ ಕಣ್ಣಲ್ಲಿ ಏನೋ ಮಿನುಗಿ ಆರಿತು. ಅವಳು ಬೆನ್ನು ನೇರ ಮಾಡಿಕೊಂಡಳು. ಚೀಲದ ಮೇಲೆ ಎರಡೂ ಕೈ ಇಟ್ಟಳು.

"ಯಾರೂ ಇಲ್ಲ ಸರ್. ಎಲ್ಲಿಗೆ ಹಾಕಿದ್ರೂ ಹೋಗ್ತೀನಿ."

ಗಣೇಶ ಅವಳ ಮುಖದಲ್ಲಿ ಸುಳ್ಳನ್ನು ಹುಡುಕಿದ. ಸಿಗಲಿಲ್ಲ.

"ಅವತ್ತು ಹತ್ತು ಸಲ ಹೇಳ್ಸಿದ್ರಲ್ಲ," ಎಂದಳು ಅವಳು, ಈಗ ತನ್ನ ಮಾಮೂಲಿ ದನಿಯಲ್ಲಿ. "ಹತ್ತು ಸಲಾನೂ ಸುಳ್ಳೇ ಹೇಳಿದ್ದೆ. ಚಾಮರಾಜನಗರದಲ್ಲಿ ಹೇಳಿದ್ದೂ ಸುಳ್ಳೇ. ಬಸ್ಸಲ್ಲಿ ನೀವು ಕೇಳ್ನಿಲ್ಲ ನೋಡಿ, ಆಮೇಲೆ ಒಬ್ಳೇ ಕೂತು ದಿನಾ ಹೇಳ್ಕೊಂಡೆ. ಹೇಳ್ತಾ ಹೇಳ್ತಾ ನಿಜ ಮಾಡ್ಕೊಂಡೆ."

"ನಂಗೆ ಧೈರ್ಯ ಸಾಲ್ನಿಲ್ಲ ಶಶಿ."

"ಗೊತ್ತು. ಇದ್ದಿದ್ನೆಲ್ಲ ನಂಗೇ ಕೊಟ್ಬುಟ್ರಿ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. "ಬರ್ತೀನಿ."

ಆಗಲೂ ಅವಳು ಅಣ್ಣ ಎನ್ನಲಿಲ್ಲ. ಬಸ್ಸು ಹೊರಟಿತು. ಕಿಟಕಿಯ ಸರಳಿನ ಮೇಲೆ ಅವಳ ಬೆರಳುಗಳು ಕಂಡವು. ತುದಿಯಲ್ಲಿ ಇನ್ನೂ ಸ್ವಲ್ಪ ಹಳದಿ ಉಳಿದಿತ್ತು.

ಎರಡು ವರ್ಷವಾಯಿತು. ಗಣೇಶ ಪಾಠ ಬಿಟ್ಟಿಲ್ಲ. ಅವನ ಕೈಯಲ್ಲಿ ಕಲಿತವರು ಪಾಸಾಗುತ್ತಾರೆಂದು ಕುದೇರು, ಬೇಗೂರಿನಿಂದೆಲ್ಲ ಜನ ಬರುತ್ತಾರೆ. ಚೀಟಿಯಲ್ಲಿ ಈಗ ಐದೇ ಪ್ರಶ್ನೆ. ಮೊನ್ನೆ ಹರ್ಷಿತಾ ಎಂಬ ಹುಡುಗಿ ಐದನ್ನೂ ಮುಗಿಸಿ ತಾನೇ ಕೇಳಿದಳು.

"ಅಣ್ಣಾ, ಮನಸ್ಸಲ್ಲಿ ಯಾರಾದ್ರೂ ಇದ್ದಾರಾ ಅಂತ ಕೇಳ್ತಾರಂತೆ. ಏನನ್ಬೇಕು?"

ಗಣೇಶ ಲ್ಯಾಮಿನೇಷನ್ ಮೆಷಿನ್ನಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

"ಇದ್ದಾರಾ?"

ಹುಡುಗಿ ತಲೆ ತಗ್ಗಿಸಿ ನಕ್ಕಳು.

"ಹಂಗಾದ್ರೆ ಇದ್ದಾರೆ ಅನ್ನು ಕಣಮ್ಮಿ," ಎಂದ ಗಣೇಶ. "ಈ ಕೆಲ್ಸ ಹೋದ್ರೆ ಹೋಗ್ಲಿ. ಇನ್ನೊಂದಕ್ಕೆ ನಾನೇ ಅರ್ಜಿ ಹಾಕ್ಕೊಡ್ತೀನಿ."