ಸೂಜಿ ಹೊಡೆದ ಕಣ್ಣು

"ಮುಖದವರೆಗೆ ಸಾಕು. ಕಣ್ಣಿನ ತೂತಿನೊಳಗೆ ಫೋಕಸ್ ಇಳಿಸ್ಬೇಡಿ," ಎಂದರು ಸಂಗ್ರಹಾಲಯದ ಉಗ್ರಾಣ ನೋಡಿಕೊಳ್ಳುವ ಹೆಂಗಸು. ಕೊನೆಯ ಡಬ್ಬಿಯನ್ನು ಮೇಜಿನ ತುದಿಯಲ್ಲೇ ಇಟ್ಟು ಹಿಂದೆ ಸರಿದರು.

ತಾಮ್ರದ ನಾಣ್ಯ. ಅದರ ಮೇಲಿನ ಮುಖದ ಎರಡೂ ಕಣ್ಣಿಗೆ ಯಾರೋ ಸೂಜಿ ಹೊಡೆದಿದ್ದರು.

"ಮಾಟ ಮಾಡ್ಸಿದ್ದು. ಹಿಂದೆ ಬಂದಿದ್ದ ಫೋಟೋದವರೂ ನನ್ನ ಮಾತು ಕೇಳ್ಲಿಲ್ಲ. ಈಗ ಗೋಡೆ ಸವರ್ಕೊಂಡು ಓಡಾಡ್ತಾರೆ."

"ನಂಗಾಗ್ಲೇ ಚಾಳೀಸು ಬಂದಿದೆ ಅಕ್ಕಾ. ಮಾಟದವನಿಗೆ ಇಲ್ಲಿ ಕೆಲಸ ಉಳಿದಿಲ್ಲ," ಎಂದ ಹೊಸ ಛಾಯಾಗ್ರಾಹಕ.

ಅವರು ಪರದೆ ಸರಿಸಿ ಆಚೆ ಹೋದರು.

ಅವನು ಬೆಳಗ್ಗಿನಿಂದ ಹನ್ನೊಂದು ನಾಣ್ಯ ಮುಗಿಸಿದ್ದ. ಅಷ್ಟು ಹತ್ತಿರದಿಂದ ತೆಗೆದರೆ ಒಂದು ಚಿತ್ರದಲ್ಲಿ ಕೂದಲೆಳೆಯಷ್ಟು ಆಳ ಮಾತ್ರ ಸ್ಪಷ್ಟ. ಮೂಗು ಕಂಡರೆ ಕಿವಿ ಮಸುಕು. ಕ್ಯಾಮೆರಾವನ್ನು ಎಳೆಯೆಳೆಯಾಗಿ ಇಳಿಸುತ್ತ ಹತ್ತಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದು ಮಾಡಬೇಕು. ಬೆನ್ನು ಮರಗಟ್ಟಿತ್ತು. ಮೂರು ತಿಂಗಳ ಮೇಲೆ ಮಗಳು ಇವತ್ತು ಹಾಸ್ಟೆಲಿನಿಂದ ಬರುತ್ತಿದ್ದಳು. ನಾಲ್ಕಕ್ಕೆ ಮನೆಯಲ್ಲಿರುತ್ತೇನೆ ಎಂದಿದ್ದ. ತೂತು ಮಸುಕಾದರೆ ನಾಳೆ ಮತ್ತೆ ಕರೆಸುತ್ತಾರೆ. ಇನ್ನೊಂದು ದಿನ ಈ ಕೋಣೆಯಲ್ಲಿ ಕೂರುವುದು ಅವನ ಕೈಲಾಗುತ್ತಿರಲಿಲ್ಲ. ತಳ ಕಾಣುವವರೆಗೂ ಇಳಿಸೋಣವೆಂದು ಗುಂಡಿ ಒತ್ತಿದ.

ಸುತ್ತ ಇಳಿಬಿಟ್ಟ ಕಪ್ಪು ಬಟ್ಟೆಯ ಪರದೆ. ಕಾದ ದೀಪದ ವಾಸನೆ, ತಾಮ್ರದ ಒಗರು. ಟಿಕ್. ಟಿಕ್. ಕಂಪ್ಯೂಟರಿನಲ್ಲಿ ಕೆನ್ನೆ ಮೂಡಿತು, ಕರಗಿತು. ರೆಪ್ಪೆ. ತೂತಿನ ಅಂಚು. ತೂತಿನ ಗೋಡೆ.

ಅರವತ್ತು ಚಿತ್ರ. ನೂರು. ಇನ್ನೂರು.

ಕ್ಯಾಮೆರಾ ಇಳಿಯುವ ಕಂಬದ ಅಳತೆಪಟ್ಟಿ ನೋಡಿದ. ನಾಣ್ಯದ ದಪ್ಪ ಎರಡು ಮಿಲಿಮೀಟರ್. ಕ್ಯಾಮೆರಾ ಇಳಿದದ್ದು ನಾಲ್ಕು. ಗೋಡೆ ಇನ್ನೂ ಕಾಣುತ್ತಿತ್ತು. ಈಗ ಅದು ಒದ್ದೆಯಾಗಿತ್ತು.

"ಸಾಕು, ನಿಲ್ಸಿ!" ಪರದೆಯಾಚೆ ಹೆಂಗಸಿನ ದನಿ.

ಟಿಕ್. ತಳ ಬಂತು.

ತಳ ರೆಪ್ಪೆ ಬಡಿಯಿತು.

ತಂತಿ ಕಿತ್ತ. ದೀಪ ಆರಿತು. ಕತ್ತಲು. ಟಿಕ್. ಸದ್ದು ಕ್ಯಾಮೆರಾದ್ದಲ್ಲ. ಅವನ ಕಣ್ಣಿನ ಹಿಂದಿನದು. ಟಿಕ್. ಪರದೆ ಹರಿದುಕೊಂಡು ಹೊರಬಿದ್ದ.

"ಏನಾಯ್ತು? ನಾನು ಕಾಣ್ತೀನಾ?"

"ನಿಮ್ಮ ಕನ್ನಡಕದ ಒಂದು ಸ್ಕ್ರೂ ಕಾಣ್ತಿದೆ ಅಕ್ಕಾ. ಅಷ್ಟೇ."

ಅವರೇ ಕೈಹಿಡಿದು ಮನೆ ಮುಟ್ಟಿಸಿದರು.

"ಅಪ್ಪಾ! ನಾಲ್ಕಕ್ಕೆ ಸರಿಯಾಗಿ ಬಂದ್ಬಿಟ್ಯಲ್ಲ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಎಂದಳು ಬಾಗಿಲಲ್ಲಿದ್ದ ಮಗಳು. ಆಮೇಲೆ ದನಿ ಸಣ್ಣದಾಯಿತು. "ಯಾಕೆ ಹಂಗೆ ನೋಡ್ತೀಯಾ?"

ಅವನು ಬಾಗಿದ. ಮೂಗಿನ ತುದಿ ಕಂಡಿತು. ಒಂದೆಳೆ ಮುಂದೆ ಬಾಗಿದ. ಮೂಗು ಹೋಯಿತು, ರೆಪ್ಪೆ ಬಂತು. ಇನ್ನೊಂದೆಳೆ. ರೆಪ್ಪೆಯೂ ಹೋಯಿತು.

"ಸ್ವಲ್ಪ ಅಲ್ಲಾಡ್ಬೇಡ ಮಗಳೇ," ಎಂದ, ಸುಸ್ತಾದ ದನಿಯಲ್ಲಿ. "ನೀನಿನ್ನೂ ತುಂಬಾ ಉಳಿದಿದ್ದೀಯಾ ನೋಡೋಕೆ."